ಮರಿಗಳ ಲೆಕ್ಕ, ತಾಯಿಮೀನಿನ ಪಾಡು

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ಅವರ ಗಾಳಕ್ಕೆ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನು ಸಿಕ್ಕಿತು. ಕಾವೇರಿ ಕಣಿವೆಯ ಆ ಗೂನುಬೆನ್ನಿನ ಮೀನಿಗೆ ಆಗ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮಹಶೀರಿಗೆ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟರು. ಎರಡೂ ಒಂದೇ ಮೀನು ಎಂದು ಸಂಶೋಧಕರು ತೋರಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಅಣೆಕಟ್ಟು, ಸಿಡಿಮದ್ದು, ಮರಳು ಗಣಿಗಾರಿಕೆಗಳ ಜೊತೆಗೆ, ಮೀನನ್ನು ಉಳಿಸಲೆಂದೇ ನಡೆದ ಕೆಲಸವೂ ಅದಕ್ಕೆ ಮುಳುವಾಯಿತೆಂಬುದು ನೋವಿನ ಸಂಗತಿ. ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಕೃತಕವಾಗಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೂ ತಂದು ಬಿಟ್ಟರು. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಲ್ಲಿ ಹೊಸ ಮೀನು ಹೆಚ್ಚುತ್ತಾ, ಮೂಲದ್ದು ಕಾಣೆಯಾಗುತ್ತಾ ಹೋಗುತ್ತದೆ. ಕೇಡು ಬಗೆದವರು ಯಾರೂ ಇಲ್ಲ. ಎಷ್ಟು ಮರಿ ಬಿಟ್ಟೆವು ಎಂಬುದನ್ನು ಎಣಿಸಿದರು, ಯಾವ ಮರಿ ಎಂದು ಕೇಳಲಿಲ್ಲ.

ಕೊಡಗಿನ ಹಾರಂಗಿಯಲ್ಲೂ ಮಹಶೀರ್ ಮರಿ ಉತ್ಪಾದನಾ ಕೇಂದ್ರವಿದೆ. ಇಂಥ ಕಡೆಗಳಲ್ಲೆಲ್ಲ ಮರಿಗಳ ಸಂಖ್ಯೆಯೇ ಸಾಧನೆಯಾದರೆ, ತಾಯಿಮೀನಿನ ಪಾಡು ಲೆಕ್ಕಕ್ಕೇ ಬರುವುದಿಲ್ಲ. ಮಳೆಗಾಲದಲ್ಲಿ ಹರಿವಿಗೆದುರಾಗಿ ಈಜಿ ಮೊಟ್ಟೆಯಿಡುವ ಮೀನನ್ನು ಕೊಳದಲ್ಲಿಟ್ಟು, ಬಲೆಯಲ್ಲಿ ಎತ್ತಿ, ಹೊಟ್ಟೆ ಒತ್ತಿ ಮೊಟ್ಟೆ ತೆಗೆಯುತ್ತಾರೆ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬಂದು, ಗಾಯಕ್ಕೆ ಬೂಷ್ಟು ಹತ್ತುತ್ತದೆ. ಝರಿಯ ನೀರಿನಲ್ಲಿ ಹುಟ್ಟಿ ಬೆಳೆಯುವ ಈ ಜಾತಿಗೆ ನಿಂತ ನೀರಿನಲ್ಲಿ, ಅದರಲ್ಲೂ ಆಮ್ಲಜನಕ ಕುಸಿಯುವ ಬೆಳಗಿನ ಜಾವದಲ್ಲಿ, ಉಸಿರಾಟವೇ ಕಷ್ಟ.

ಮೀನಿಗೆ ನೋವೆಲ್ಲಿ ಎಂದು ಕೇಳುವವರಿದ್ದಾರೆ. ನೋವನ್ನು ಗ್ರಹಿಸುವ ನರತಂತುಗಳು ಟ್ರೌಟ್ ಮೀನಿನ ತಲೆಯಲ್ಲಿವೆ ಎಂದು ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಮುಖಕ್ಕೆ ಆಮ್ಲ ಚುಚ್ಚಿದ ಮೀನುಗಳು ಮೇವು ಬಿಟ್ಟು, ತುಟಿಯನ್ನು ನೆಲಕ್ಕೆ ಉಜ್ಜಿದವು. ಅದನ್ನು ನೋವಿನ ಅನುಭವವೆನ್ನಬಹುದೇ ಎಂಬ ವಾದ ಇನ್ನೂ ಮುಗಿದಿಲ್ಲ, ಒಪ್ಪೋಣ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆ ತೀರ್ಪಿಗೆ ಕಾಯುವುದಿಲ್ಲ: ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಯೂ ಅದರ ಪ್ರಕಾರ ಪ್ರಾಣಿಯೇ. ಕೃತಕ ಸಂತಾನೋತ್ಪತ್ತಿಯಿಲ್ಲದೆ ಮಹಶೀರ್ ಉಳಿಯದು ಎನ್ನುವ ಮಾತಿನಲ್ಲಿ ಹುರುಳಿದೆ. ಹಾಗಿದ್ದರೆ ತಾಯಿಮೀನಿನ ಜೀವವೂ ಅಷ್ಟೇ ಬೆಲೆಯುಳ್ಳದ್ದು. ಒದ್ದೆ ಕೈ, ಗಂಟಿಲ್ಲದ ಮೃದು ಬಲೆ, ಹರಿಯುವ ನೀರು, ಅರಿವಳಿಕೆ ಇವುಗಳಿಗೆ ದೊಡ್ಡ ಹಣ ಬೇಕಿಲ್ಲ. ಎಷ್ಟು ತಾಯಿಮೀನು ಬದುಕಿದವು, ಹೊಳೆಗೆ ಬಿಟ್ಟ ಮರಿ ಯಾವ ಜಾತಿಯದು, ಯಾವ ಹೊಳೆಯ ಮೂಲದ್ದು ಎಂಬುದನ್ನು ಪ್ರತಿ ಕೇಂದ್ರವೂ ಮರಿಗಳ ಸಂಖ್ಯೆಯ ಪಕ್ಕದಲ್ಲೇ ಬರೆದು ಪ್ರಕಟಿಸಬೇಕು.