ಮೂಳೆಗೆ ಕಾಂತದ ಮಿಡಿತ

ತಾಮ್ರದ ತಂತಿಯ ಸುರುಳಿಗೆ ಗ್ಯಾಲ್ವನೋಮೀಟರ್ ಜೋಡಿಸಿ, ಒಳಕ್ಕೆ ದಂಡಕಾಂತವನ್ನು ತೂರಿಸಿದರೆ ಮುಳ್ಳು ಓಲಾಡುತ್ತದೆ. ಕಾಂತವನ್ನು ಅಲ್ಲೇ ಬಿಟ್ಟು ಸುಮ್ಮನಿದ್ದರೆ ಮುಳ್ಳು ಸೊನ್ನೆಗೆ ಮರಳುತ್ತದೆ. ಹೈಸ್ಕೂಲು ಮಕ್ಕಳಿಗೆಲ್ಲ ಪರಿಚಿತವಾದ ಪ್ರಯೋಗವಿದು. ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಮಾತ್ರ ವಿದ್ಯುತ್ ಪ್ರೇರಣೆಯಾಗುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಮಂಡಿನೋವು, ಬೆನ್ನುನೋವುಗಳಿಗೆಂದು ಈಗ ಮಾರಾಟವಾಗುವ ‘ಪಿಇಎಂಎಫ್’ ಯಂತ್ರಗಳು, ಅಂದರೆ ಮಿಡಿಯುವ ವಿದ್ಯುತ್ಕಾಂತ ಕ್ಷೇತ್ರದ ಯಂತ್ರಗಳು, ಇದೇ ನಿಯಮದಿಂದ ಕೆಲಸ ಮಾಡುತ್ತವೆ. ನಿಯಮವೇನೋ ಸರಿ. ಕಾಯಿಲೆ ವಾಸಿಯಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಈ ಚಿಕಿತ್ಸೆಯ ಕಥೆ ಶುರುವಾದದ್ದು ನೋವಿನಿಂದಲ್ಲ, ಮೂಳೆಯಿಂದ. ಒಣಮೂಳೆಯನ್ನು ಒತ್ತಿದಾಗ ಅದರಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆಂದು ಜಪಾನಿನ ಫುಕಾದಾ ಮತ್ತು ಯಾಸುದಾ 1957ರಲ್ಲಿ ತೋರಿಸಿದರು. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಕಿಡಿ ಹಾರುವುದೂ ಇಂಥದೇ ಗುಣದಿಂದ. ಹೊರೆ ಬಿದ್ದ ಮೂಳೆ ಗಟ್ಟಿಯಾಗುತ್ತದೆ, ಹಾಸಿಗೆ ಹಿಡಿದವರಲ್ಲಿ ಸವೆಯುತ್ತದೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಹಾಗಾದರೆ ‘ಬೆಳೆ’ ಎಂಬ ಸಂದೇಶ ಜೀವಕೋಶಗಳಿಗೆ ಮುಟ್ಟುವುದು ವಿದ್ಯುತ್ತಿನ ಮೂಲಕವೇ? ಅದನ್ನು ಹೊರಗಿನಿಂದ ಒದಗಿಸಿದರೆ ಮುರಿದ ಮೂಳೆ ಕೂಡೀತೇ?

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಳೆತಜ್ಞ ಆಂಡ್ರ್ಯೂ ಬ್ಯಾಸೆಟ್ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರ ವಿಧಾನದಲ್ಲಿ ಮೈಗೆ ತಂತಿ ಚುಚ್ಚಬೇಕಿಲ್ಲ. ಪ್ಲಾಸ್ಟರಿನ ಇಕ್ಕೆಲಗಳಲ್ಲಿ ಸುರುಳಿ ಕಟ್ಟಿ, ಮಿಡಿತ ಮಿಡಿತವಾಗಿ ಪ್ರವಾಹ ಹಾಯಿಸಿದರೆ ಸಾಕು. ತಿಂಗಳುಗಟ್ಟಲೆ ಕೂಡದೆ ಉಳಿದ ಮೂಳೆಗಳಿಗೆ ಈ ಸಾಧನವನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1979ರಲ್ಲಿ ಒಪ್ಪಿಗೆ ಕೊಟ್ಟಿತು.

ಆದರೆ ಆ ರೋಗಿಗಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಭಾರ ಬಿಡದೆ ವಿಶ್ರಾಂತಿಯನ್ನೂ ಪಡೆಯುತ್ತಿದ್ದರು. ಮೂಳೆ ಕೂಡಿಸಿದ್ದು ಸುರುಳಿಯೋ, ವಿಶ್ರಾಂತಿಯೋ? ಇದನ್ನು ತಿಳಿಯಲು ಇಂಗ್ಲೆಂಡಿನ ಬಾರ್ಕರ್ ಮತ್ತು ಸಂಗಡಿಗರು ಒಂದು ಉಪಾಯ ಮಾಡಿದರು. ಮಿಡಿತ ಮೈಗೆ ಗೊತ್ತಾಗುವುದಿಲ್ಲವಷ್ಟೆ! ಆದ್ದರಿಂದ ಕೆಲವರಿಗೆ ನಿಜವಾದ ಯಂತ್ರ, ಕೆಲವರಿಗೆ ನೋಡಲು ಹಾಗೆಯೇ ಇರುವ ಹುಸಿಯಂತ್ರ ಕೊಟ್ಟರು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಮೊಣಕಾಲಿನ ಕೆಳಗಿನ ಮೂಳೆ ವರ್ಷವಾದರೂ ಕೂಡದಿದ್ದ 16 ಮಂದಿಯ ಮೇಲೆ ಈ ಪರೀಕ್ಷೆ ನಡೆಯಿತು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನಿಜವಾದ ಯಂತ್ರ ಪಡೆದ 9 ಮಂದಿಯಲ್ಲಿ 5 ಜನರ ಮೂಳೆ ಕೂಡಿತ್ತು. ಹುಸಿಯಂತ್ರ ಪಡೆದ 7 ಮಂದಿಯಲ್ಲೂ 5 ಜನರದು ಕೂಡಿತ್ತು!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂಳೆ ಕೂಡುವುದು ತಡವಾಗಿದ್ದ 45 ಮಂದಿಯ ಮೇಲೆ ಶರಾರ್ಡ್ ಎಂಬ ತಜ್ಞರು ಇದೇ ರೀತಿ ನಡೆಸಿದ ಪರೀಕ್ಷೆ 1990ರಲ್ಲಿ ಪ್ರಕಟವಾಯಿತು. ಅಲ್ಲಿ ನಿಜವಾದ ಯಂತ್ರದವರೇ ಮುಂದಿದ್ದರು. ಎರಡೂ ಚಿಕ್ಕ ಪರೀಕ್ಷೆಗಳು. ಕೂಡದ ಮೂಳೆಗೆ ಕೆಲವು ವೈದ್ಯರು ಇಂದಿಗೂ ಇದನ್ನು ಸಲಹೆ ಮಾಡುತ್ತಾರೆ, ಕೆಲವರು ನೆಚ್ಚುವುದಿಲ್ಲ.

ನೋವಿನ ವಿಷಯ ಇನ್ನೂ ತೊಡಕಿನದು. ಮೂಳೆ ಕೂಡಿದ್ದನ್ನು ಎಕ್ಸ್‌ರೇಯಲ್ಲಿ ನೋಡಬಹುದು, ನೋವನ್ನು ರೋಗಿಯೇ ಹೇಳಬೇಕು. ಮಂಡಿನೋವು ತಾನಾಗಿ ಏರಿಳಿಯುತ್ತದೆ, ದುಬಾರಿ ಯಂತ್ರದ ಮೇಲಿನ ನಂಬಿಕೆಯೂ ಅದನ್ನು ತಗ್ಗಿಸುತ್ತದೆ. ಮಂಡಿ ಸವೆತದ ಬಗ್ಗೆ ನಡೆದ ಪರೀಕ್ಷೆಗಳಲ್ಲಿ ಕೆಲವು ಅಲ್ಪಸ್ವಲ್ಪ ಉಪಶಮನ ತೋರಿಸಿವೆ, ಕೆಲವು ತೋರಿಸಿಲ್ಲ. ಒಂದೇ ಯಂತ್ರ ಸಕಲ ರೋಗಕ್ಕೂ ಮದ್ದು ಎನ್ನುವ ಜಾಹೀರಾತಿಗೆ ಇದು ಆಧಾರವಾಗಲಾರದು.

ಕಾಂತದ ಬಳೆ, ಕಾಂತದ ಹಾಸಿಗೆಗಳನ್ನು ಮಾರುವವರೂ ಇದೇ ವಿಜ್ಞಾನದ ಹೆಸರು ಹೇಳುವುದುಂಟು. ಅಲ್ಲಿರುವುದು ಬದಲಾಗದ ಕ್ಷೇತ್ರ, ಸೊನ್ನೆಗೆ ಮರಳಿದ ಮುಳ್ಳಿನ ಸ್ಥಿತಿ. ರಕ್ತದಲ್ಲಿ ಕಬ್ಬಿಣವಿದೆ, ಅದನ್ನು ಕಾಂತ ಸೆಳೆಯುತ್ತದೆ ಎಂಬ ವಾದವೂ ನಿಲ್ಲದು. ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣದಂತೆ ವರ್ತಿಸುವುದಿಲ್ಲ. ಎಂಆರ್‌ಐ ಯಂತ್ರದ 1.5 ಟೆಸ್ಲಾ ಕ್ಷೇತ್ರದಲ್ಲಿ ಮಲಗಿದವರ ರಕ್ತವೂ ಒಂದು ಕಡೆಗೆ ಸೇರಿಕೊಳ್ಳುವುದಿಲ್ಲ.

ಮನೆಯ ಹಿರಿಯರಿಗೆಂದು ಯಂತ್ರ ಕೊಳ್ಳಹೊರಟವರು ಕೇಳಬೇಕಾದದ್ದು ಇಷ್ಟು: ಯಾವ ಕಾಯಿಲೆಗೆ, ಎಷ್ಟು ಜನರ ಮೇಲೆ, ಹುಸಿಯಂತ್ರದೊಡನೆ ಹೋಲಿಸಿ ನೋಡಲಾಗಿದೆಯೇ? ನೋವಿಗೆ ಕಾರಣವೇನೆಂದು ವೈದ್ಯರಿಂದ ಮೊದಲು ತಿಳಿದುಕೊಳ್ಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರಂತೂ ಹೃದಯತಜ್ಞರನ್ನು ಕೇಳದೆ ಇಂಥ ಸುರುಳಿಯ ಹತ್ತಿರ ಹೋಗಬಾರದು.