ಸುಟ್ಟ ಸುರುಳಿ, ಸುಡದ ಮುದ್ರೆ

ಚಳಿಗಾಲದ ಒಂದು ದಿನ. ಯೆರೂಸಲೇಮಿನ ಅರಮನೆಯಲ್ಲಿ ರಾಜ ಯೆಹೋಯಾಕೀಮ ಅಗ್ಗಿಷ್ಟಿಕೆಯ ಮುಂದೆ ಮೈ ಕಾಯಿಸುತ್ತ ಕುಳಿತಿದ್ದಾನೆ. ಸೇವಕನೊಬ್ಬ ಉದ್ದನೆಯ ಸುರುಳಿಯೊಂದನ್ನು ಬಿಚ್ಚಿ ಓದುತ್ತಿದ್ದಾನೆ. ಮೂರು ನಾಲ್ಕು ಅಂಕಣ ಮುಗಿದಾಗಲೆಲ್ಲ ರಾಜ ಚಾಕು ತೆಗೆದು ಅಷ್ಟು ಭಾಗವನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಮತ್ತೆ ಓದು, ಮತ್ತೆ ಚಾಕು. ಕೊನೆಗೆ ಸುರುಳಿಯೆಲ್ಲ ಬೂದಿ. ಬೇಡ ಪ್ರಭು, ಸುಡಬೇಡಿ ಎಂದು ಅಂಗಲಾಚಿದವರು ಮೂವರು. ಅವರಲ್ಲೊಬ್ಬ ಶಾಫಾನನ ಮಗ ಗೆಮರ್ಯ. ಮಕ್ಕಳೇ, ಈ ಹೆಸರನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಇದು ಕ್ರಿಸ್ತಪೂರ್ವ 604ರ ಸುಮಾರಿನ ಸಂಗತಿ. ಯೆಹೂದ್ಯರಿಗೂ ಕ್ರೈಸ್ತರಿಗೂ ಪವಿತ್ರವಾದ ಯೆರೆಮೀಯನ ಗ್ರಂಥದಲ್ಲಿ ಈ ಕಥೆ ಬರುತ್ತದೆ. ಸುಟ್ಟುಹೋದ ಸುರುಳಿಯಲ್ಲಿದ್ದದ್ದು ಯೆರೆಮೀಯನ ಮಾತುಗಳೇ. ಆತ ಹೇಳುತ್ತ ಹೋಗಿದ್ದ, ಬಾರೂಕನೆಂಬ ಲೇಖಕ ಬರೆದುಕೊಂಡಿದ್ದ.

ಯೆರೆಮೀಯ ಪ್ರವಾದಿ. ಪ್ರವಾದಿ ಎಂದರೆ ಗ್ರಹಗತಿ ನೋಡಿ ಭವಿಷ್ಯ ಹೇಳುವವನಲ್ಲ. ದೇವರ ಮಾತನ್ನು ಜನರಿಗೆ ಮುಟ್ಟಿಸುವವನು. ಆ ಮಾತು ಕಹಿಯಾಗಿದ್ದರೂ ಮುಟ್ಟಿಸಲೇಬೇಕಾದವನು. ಯೆರೂಸಲೇಮಿಗೆ ನಾಲ್ಕೈದು ಕಿಲೋಮೀಟರ್ ದೂರದ ಅನಾತೋತ್ ಎಂಬ ಹಳ್ಳಿಯ ಯಾಜಕರ, ಅಂದರೆ ಪೂಜೆಯ ಕೆಲಸದವರ, ಮನೆತನದಲ್ಲಿ ಹುಟ್ಟಿದ್ದ. ದೇವಾಲಯದ ಗುಟ್ಟು ಗೊತ್ತಿಲ್ಲದ ಹೊರಗಿನವನೇನಲ್ಲ.

ಆ ದೇವಾಲಯವೋ ಯೆಹೂದ ನಾಡಿನ ಪ್ರಾಣ. ಸೊಲೊಮೋನ ರಾಜ ಕಟ್ಟಿಸಿದ್ದೆಂದು ಪ್ರತೀತಿ. ಹಿಂದೆ ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ದೊಡ್ಡ ಸೈನ್ಯ ಬಂದು ಊರೂರನ್ನೇ ಹಾಳುಗೆಡವಿದಾಗಲೂ ಯೆರೂಸಲೇಮ್ ಮಾತ್ರ ಉಳಿದಿತ್ತು. ಅಂದಿನಿಂದ ಜನರಿಗೆ ಒಂದು ಧೈರ್ಯ: ದೇವರ ಮನೆ ಇಲ್ಲಿರುವಾಗ ನಮಗೆ ಯಾರು ಏನು ಮಾಡಿಯಾರು?

ಅದೇ ದೇವಾಲಯದ ಬಾಗಿಲಲ್ಲಿ ನಿಂತು ಯೆರೆಮೀಯ ಕೇಳಿದ: ಕಳ್ಳತನ, ಸುಳ್ಳುಸಾಕ್ಷಿ ಎಲ್ಲ ಮಾಡಿಕೊಂಡು ಇಲ್ಲಿ ಬಂದು ನಿಂತರೆ ಕಾಪಾಡಬೇಕೆ? ಅನಾಥರು, ವಿಧವೆಯರು, ಪರದೇಶದಿಂದ ಬಂದವರು – ಇವರನ್ನು ಗೋಳುಹೊಯ್ದುಕೊಳ್ಳುವವರಿಗೆ ಗೋಡೆ ಕಲ್ಲು ಕಾವಲಾದೀತೆ? ಶೀಲೋದಲ್ಲೂ ದೇವರ ಗುಡಿಯಿತ್ತು, ಈಗ ಹೋಗಿ ನೋಡಿ, ಏನು ಉಳಿದಿದೆ? ತಿದ್ದಿಕೊಳ್ಳದಿದ್ದರೆ ಇದಕ್ಕೂ ಅದೇ ಗತಿ.

ಜನ ಸುಮ್ಮನಿದ್ದಾರೆಯೇ? ಇವನನ್ನು ಕೊಲ್ಲಬೇಕೆಂದು ಮುತ್ತಿಕೊಂಡರು. ಆಗ ಬಾಯಿ ತೆರೆದವರು ಊರಿನ ಕೆಲವು ಹಿರಿಯರು. ಸುಮಾರು ನೂರು ವರ್ಷದ ಹಿಂದೆ ಮೀಕನೆಂಬ ಪ್ರವಾದಿಯೂ ಈ ಬೆಟ್ಟ ಉತ್ತ ಹೊಲದಂತಾಗುತ್ತದೆ ಎಂದಿದ್ದ. ಆಗಿನ ರಾಜ ಹಿಜ್ಕೀಯ ಅವನನ್ನು ಕೊಂದನೇ? ಇಲ್ಲ, ತಾನೇ ದೇವರಿಗೆ ಹೆದರಿ ನಡೆದುಕೊಂಡ ಎಂದು ನೆನಪಿಸಿದರು. ಯೆರೆಮೀಯನ ಜೀವ ಉಳಿಯಿತು. ಅಜ್ಜ ಅಜ್ಜಿಯರ ಹಳೆಯ ಕಥೆಗಳನ್ನು ಕೇಳಿ ಆಕಳಿಸುವ ಮೊಮ್ಮಕ್ಕಳು ಇದನ್ನೊಮ್ಮೆ ಓದಿಕೊಳ್ಳಲಿ!

ಆ ಬಳಿಕ ನಡೆದದ್ದೇ ಸುರುಳಿ ಸುಟ್ಟ ಪ್ರಸಂಗ. ಯೆರೆಮೀಯ ಏನು ಮಾಡಿದ ಗೊತ್ತೆ? ಬಾರೂಕನಿಗೆ ಹೊಸ ಸುರುಳಿ ತರಲು ಹೇಳಿದ. ಹಳೆಯದೆಲ್ಲವನ್ನೂ ಮತ್ತೆ ಬರೆಸಿದ, ಮೇಲೆ ಇನ್ನಷ್ಟು ಸೇರಿಸಿದ.

ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ಹಲವರನ್ನು ಸೆರೆ ಒಯ್ದು, ಚಿದ್ಕೀಯನನ್ನು ಪಟ್ಟಕ್ಕೆ ಕೂರಿಸಿದ. ಕೆಲವೇ ವರ್ಷಗಳಲ್ಲಿ ಚಿದ್ಕೀಯ ತಿರುಗಿಬಿದ್ದ. ಬಾಬೆಲಿನ ಸೈನ್ಯ ಮತ್ತೆ ಬಂದು ಊರಿಗೆ ಮುತ್ತಿಗೆ ಹಾಕಿತು. ಶರಣಾದರೆ ಜೀವವಾದರೂ ಉಳಿಯುತ್ತದೆ ಎಂದ ಯೆರೆಮೀಯ. ಸೈನಿಕರ ಎದೆಗುಂದಿಸುತ್ತಾನೆ ಎಂದು ಅಧಿಕಾರಿಗಳು ಅವನನ್ನು ಹಗ್ಗ ಕಟ್ಟಿ ಹಾಳುಬಾವಿಯಂಥ ಗುಂಡಿಗೆ ಇಳಿಸಿದರು. ನೀರಿಲ್ಲ, ಬರೀ ಕೆಸರು. ಅವನನ್ನು ಕಾಪಾಡಿದವನು ಎಬೆದ್ಮೆಲೆಕ, ಅರಮನೆಯಲ್ಲಿ ಕೆಲಸಕ್ಕಿದ್ದ ಆಫ್ರಿಕಾದ ಕೂಷ್ ದೇಶದವನು. ರಾಜನ ಅಪ್ಪಣೆ ಪಡೆದು ಬಂದವನು ಹಗ್ಗದ ಜೊತೆಗೆ ಹಳೆಯ ಚಿಂದಿ ಬಟ್ಟೆಯನ್ನೂ ಇಳಿಬಿಟ್ಟ. ಎಳೆಯುವಾಗ ಹಗ್ಗ ಒತ್ತಿ ಕಂಕುಳು ತರಚದಿರಲಿ, ಬಟ್ಟೆ ಇಟ್ಟುಕೋ ಎಂದ. ಯುದ್ಧ, ರಾಜರು, ಸಾಮ್ರಾಜ್ಯಗಳ ನಡುವೆ ಈ ಚಿಂದಿ ಬಟ್ಟೆಯನ್ನು ಮರೆಯದೆ ಬರೆದಿಟ್ಟವರಿಗೆ ನಾನಂತೂ ಕೈಮುಗಿಯುತ್ತೇನೆ.

ಕ್ರಿಸ್ತಪೂರ್ವ 586ರಲ್ಲಿ (587 ಎನ್ನುವ ಪಂಡಿತರೂ ಇದ್ದಾರೆ) ಕೋಟೆ ಒಡೆಯಿತು. ದೇವಾಲಯಕ್ಕೆ ಬೆಂಕಿ ಬಿತ್ತು. ಬಾಗಿಲ ಮುಂದಿನ ಕಂಚಿನ ಕಂಬಗಳನ್ನು ತುಂಡುಮಾಡಿ ಬಾಬೆಲಿಗೆ ಸಾಗಿಸಿದರು. ಹೇಳಿದ್ದು ನಿಜವಾಯಿತೆಂದು ಯೆರೆಮೀಯ ಹಿಗ್ಗಲಿಲ್ಲ. ಈ ಗತಿ ಬರುತ್ತದೆಂದು ಮೊದಲಿನಿಂದಲೂ ಅಳುತ್ತಿದ್ದವನು ಅವನೇ. ಇಂದಿಗೂ ಯೆಹೂದ್ಯರು ತಮ್ಮ ಆವ್ ತಿಂಗಳ 9ರಂದು ಉಪವಾಸವಿದ್ದು, ನೆಲದ ಮೇಲೆ ಕುಳಿತು ಪ್ರಲಾಪಗಳ ಗ್ರಂಥವನ್ನು ಓದುತ್ತಾರೆ. ಆಮೇಲೆ ಕಟ್ಟಿದ ಎರಡನೆಯ ದೇವಾಲಯವನ್ನು ಕ್ರಿಸ್ತಶಕ 70ರಲ್ಲಿ ರೋಮನ್ನರು ಕೆಡವಿದ ದುಃಖವೂ ಅದೇ ದಿನಕ್ಕೆ ಸೇರಿಕೊಂಡಿದೆ.

ಈಗ ಗೆಮರ್ಯನ ವಿಷಯ. 1982ರಲ್ಲಿ ಹಳೆಯ ಯೆರೂಸಲೇಮಿನ ಒಂದು ಮನೆಯನ್ನು ಅಗೆದಾಗ ಐವತ್ತಕ್ಕೂ ಹೆಚ್ಚು ಪುಟ್ಟ ಮಣ್ಣಿನ ಮುದ್ರೆಗಳು ಸಿಕ್ಕವು. ಹಿಂದೆ ರಿಜಿಸ್ಟರ್ ಅಂಚೆಗೆ ಅರಗು ಹಚ್ಚುತ್ತಿದ್ದುದನ್ನು ಅಜ್ಜಂದಿರು ಬಲ್ಲರು. ಆ ಕಾಲದಲ್ಲಿ ಪತ್ರಕ್ಕೆ ದಾರ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣು ಮೆತ್ತಿ ಮುದ್ರೆ ಒತ್ತುತ್ತಿದ್ದರು. ಊರು ಸುಟ್ಟ ಬೆಂಕಿಯಲ್ಲಿ ಪತ್ರಗಳೆಲ್ಲ ಉರಿದುಹೋದವು. ಮುದ್ರೆಗಳು ಮಾತ್ರ ಕುಂಬಾರನ ಆವಿಗೆಯಲ್ಲಿಟ್ಟ ಮಡಕೆಯಂತೆ ಬೆಂದು ಗಟ್ಟಿಯಾದವು! ಅವುಗಳಲ್ಲೊಂದರ ಮೇಲೆ ಹೀಬ್ರೂ ಅಕ್ಷರದಲ್ಲಿ ಇರುವ ಹೆಸರು: ಶಾಫಾನನ ಮಗ ಗೆಮರ್ಯ. ಸುರುಳಿ ಸುಡಬೇಡಿ ಎಂದವನೇ ಈತ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಮುತ್ತಿಗೆಯ ಕಾಲದ ಇನ್ನೊಂದು ಸಂಗತಿ ಉಳಿದಿದೆ. ಯೆರೆಮೀಯ ಅರಮನೆಯ ಕಾವಲಿನಂಗಳದಲ್ಲಿ ಸೆರೆಯಾಗಿದ್ದಾಗ ದಾಯಾದಿ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಎಂದ. ಹೊರಗೆ ಶತ್ರು ಸೈನ್ಯ, ಒಳಗೆ ಹಸಿವು. ಯಾರಾದರೂ ಕೊಳ್ಳುತ್ತಾರೆಯೇ? ಯೆರೆಮೀಯ ಕೊಂಡ. 17 ಶೆಕೆಲ್, ಅಂದರೆ ಸುಮಾರು 200 ಗ್ರಾಂ ಬೆಳ್ಳಿಯನ್ನು ಸಾಕ್ಷಿಗಳ ಮುಂದೆ ತೂಗಿಕೊಟ್ಟ. ಕ್ರಯಪತ್ರಕ್ಕೆ ಮುದ್ರೆ ಹಾಕಿಸಿದ. ಬಹುಕಾಲ ಉಳಿಯಲಿ ಎಂದು ಅದನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಈ ನೆಲದಲ್ಲಿ ಮತ್ತೆ ಜನ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ದಿನ ಬರುತ್ತದೆ ಎಂದ.

ಕ್ರಿಸ್ತಪೂರ್ವ 539ರಲ್ಲಿ ಪರ್ಷಿಯಾದ ಕೋರೆಷ ರಾಜ ಬಾಬೆಲನ್ನು ಗೆದ್ದು ಯೆಹೂದ್ಯರಿಗೆ ಊರಿಗೆ ಮರಳಲು ಅಪ್ಪಣೆ ಕೊಟ್ಟ. ಹಾಗೆ ಮರಳಿದವರ ಪಟ್ಟಿಯೊಂದು ಎಜ್ರನ ಗ್ರಂಥದಲ್ಲಿದೆ, ಊರ ಹೆಸರು, ತಲೆ ಎಣಿಕೆ ಸಮೇತ. ಅದರಲ್ಲಿ ಅನಾತೋತಿನವರೂ ಇದ್ದಾರೆ: 128 ಮಂದಿ.