ವಿಕಿರಣ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದರೆ ಮನೆಮಂದಿ ಗಾಬರಿಯಾಗುತ್ತಾರೆ. ಜನ ಇದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆದರೆ ಇದರಲ್ಲಿ ಮೈಗೆ ವಿದ್ಯುತ್ ಹಾಯಿಸುವುದಿಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ ಶಕ್ತಿಶಾಲಿ ಎಕ್ಸ್-ರೇ ಕಿರಣಗಳನ್ನು ಗಡ್ಡೆಯಿರುವ ಜಾಗಕ್ಕೆ ಬಿಡುತ್ತಾರೆ. ರೋಗಿ ಕೆಲವು ನಿಮಿಷ ಅಲುಗಾಡದೆ ಮಲಗಬೇಕು, ಅಷ್ಟೆ. ಆಗ ನೋವಾಗುವುದಿಲ್ಲ.

ಹೀಗೆ ಹೊರಗಿನಿಂದ ಕೊಟ್ಟ ಕಿರಣ ದೇಹದಲ್ಲಿ ಉಳಿಯುವುದಿಲ್ಲ. ರೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಎಲ್ಲರೊಂದಿಗೆ ಕುಳಿತು ಉಣ್ಣಬಹುದು. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣಶೀಲ ಅಯೋಡಿನ್ ಕುಡಿಸಿದಾಗ ಮಾತ್ರ ಕೆಲವು ದಿನ ದೂರವಿರಬೇಕಾಗುತ್ತದೆ.

ದಿನವೂ ಸ್ವಲ್ಪ ಸ್ವಲ್ಪ ಕೊಡುವುದೇಕೆ? ಕಿರಣ ತಾಗಿದಾಗ ಆರೋಗ್ಯವಂತ ಜೀವಕೋಶಗಳಿಗೂ ಪೆಟ್ಟಾಗುತ್ತದೆ. ನಡುವಿನ ಬಿಡುವಿನಲ್ಲಿ ಅವು ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅಷ್ಟು ಸುಲಭವಾಗಿ ಆಗುವುದಿಲ್ಲ. ಬಿಡುವು ಹೆಚ್ಚಾದರೆ ಮಾತ್ರ ಅವೂ ಮತ್ತೆ ಬೆಳೆಯುತ್ತವೆ. ಆದ್ದರಿಂದಲೇ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ಚಿಕಿತ್ಸೆ ಇರುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಹೊರಗಿನ ಮತ್ತು ಒಳಗಿನ ವಿಕಿರಣ ಎರಡೂ 8 ವಾರದೊಳಗೆ ಮುಗಿಯಬೇಕು.

ಎರಡು-ಮೂರು ವಾರ ಕಳೆಯುವಾಗ ಬಾಯಿ ಹುಣ್ಣಾಗಬಹುದು, ಚರ್ಮ ಕಪ್ಪಾಗಬಹುದು, ಸುಸ್ತು ಕಾಡಬಹುದು. ‘ಇದರಿಂದ ರೋಗ ಜಾಸ್ತಿಯಾಯಿತು’ ಎಂದು ಕೆಲವರು ಅಲ್ಲಿಗೇ ನಿಲ್ಲಿಸಿ ನಮ್ಮಂತಹ ಯುನಾನಿ ವೈದ್ಯರ ಬಳಿ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಔಷಧಿ ವಿಕಿರಣಕ್ಕೆ ಬದಲಿಯಲ್ಲ. ಮಜೂನ್ ಇರಲಿ, ಕಪ್ಪು ಜೀರಿಗೆ ಎಣ್ಣೆ ಇರಲಿ, ಏನು ಸೇವಿಸುವುದಿದ್ದರೂ ಮೊದಲು ಕ್ಯಾನ್ಸರ್ ವೈದ್ಯರಿಗೆ ತಿಳಿಸಿ.

ಇವನ್ನು ನೆನಪಿಡಿ:

• ಚರ್ಮದ ಮೇಲೆ ಹಾಕಿದ ಗುರುತನ್ನು ಅಳಿಸಬೇಡಿ. ವುಝೂ ಮಾಡುವಾಗ ಆ ಜಾಗವನ್ನು ಉಜ್ಜದೆ, ಮೆಲ್ಲಗೆ ನೀರು ಹಾಯಿಸಿ ಒತ್ತಿ ಒರೆಸಿ.
• ಆ ಜಾಗಕ್ಕೆ ವೈದ್ಯರನ್ನು ಕೇಳದೆ ಎಣ್ಣೆ, ಅತ್ತರು ಹಚ್ಚಬೇಡಿ.
• ಬಾಯಿ ಹುಣ್ಣಾದರೆ ಖಾರ ಬಿಟ್ಟು ಗಂಜಿ, ಮೊಟ್ಟೆ, ಮೆತ್ತಗಿನ ಖಿಚಡಿ ಕೊಡಿ. ತಂಬಾಕು, ಗುಟ್ಕಾ ಪೂರ್ತಿ ನಿಲ್ಲಲಿ.
• ರಮಝಾನ್ ಎಂದು ಚಿಕಿತ್ಸೆ ಮುಂದೂಡಬೇಡಿ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ.

ಖರ್ಚಿನ ಚಿಂತೆಯಿದ್ದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ತೊಂದರೆ ಹೆಚ್ಚಾದರೆ ಮನೆಯಲ್ಲಿ ಕೂರಬೇಡಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೇ ಹೇಳಿ. ಹುಣ್ಣಿಗೆ, ನೋವಿಗೆ ಅವರಲ್ಲಿ ಔಷಧಿಯಿದೆ. ತಪ್ಪಿದ ದಿನಗಳನ್ನು ಸರಿದೂಗಿಸುವುದು ಅವರಿಗೂ ಕಷ್ಟ.